ಹೆದ್ದಾರಿಗೂ ತೋಟದ ದಾರಿಗೂ ಒಂದೇ ಜಿಪಿಎಸ್ ರಿಸೀವರ್: ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ವ್ಯಾಪಾರವು ಬಹುಪಾಲು ರಸ್ತೆಯನ್ನೇ ಅವಲಂಬಿಸಿದೆ. ಹಾಸನದ ಮಾರುಕಟ್ಟೆಗೆ ಬರುವ ಆಲೂಗಡ್ಡೆ, ರಾಮನಾಥಪುರದ ಹರಾಜು ಕಟ್ಟೆಗೆ ಬರುವ ತಂಬಾಕು, ಚನ್ನರಾಯಪಟ್ಟಣದ ಕಡೆಯ ತೆಂಗು, ಹೇಮಾವತಿ ನಾಲೆಯ ನೀರಿನಲ್ಲಿ ಬೆಳೆದ ಭತ್ತ ಇವೆಲ್ಲವೂ ಮೊದಲು ಹೊಲದ ಬದಿಯ ದಾರಿಯಿಂದ ಹಳ್ಳಿಯ ರಸ್ತೆಗೆ, ಅಲ್ಲಿಂದ ಹೆದ್ದಾರಿಗೆ ಬರಬೇಕು. ಬೆಂಗಳೂರು–ಮಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 75 ಚನ್ನರಾಯಪಟ್ಟಣ ಮತ್ತು ಹಾಸನಗಳನ್ನು ಹಾದುಹೋಗುತ್ತದೆ. ಬಿಳಿಕೆರೆಯಿಂದ ಬೇಲೂರಿನವರೆಗಿನ ಹೆದ್ದಾರಿ 373 ಹೊಳೆನರಸೀಪುರ ಮತ್ತು ಹಾಸನಗಳನ್ನು ಸೇರಿಸುತ್ತದೆ. ಈ ಎರಡು ಹೆದ್ದಾರಿಗಳ ಮೇಲೆ ದಾರಿ ತಪ್ಪುವ ಸಂಭವ ಕಡಿಮೆ. ಸಾಮಾನ್ಯವಾಗಿ ದಾರಿ ತಪ್ಪುವುದು ಅವುಗಳನ್ನು ಬಿಟ್ಟ ನಂತರದ ಕೊನೆಯ ಐದಾರು ಕಿಲೋಮೀಟರುಗಳಲ್ಲಿ.

ಇಂತಹ ಸಂದರ್ಭಕ್ಕೆ ಜಿಪಿಎಸ್ ರಿಸೀವರ್ ಕೊಳ್ಳಬೇಕೆಂದು ಅನೇಕ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಯೋಚಿಸುತ್ತಿದ್ದಾರೆ. ಮಾರುಕಟ್ಟೆಯಲ್ಲಿ ಕೆಲವೇ ಸಾವಿರ ರೂಪಾಯಿಗಳಿಂದ ಹಿಡಿದು ಅದರ ಹತ್ತಾರು ಪಟ್ಟು ಬೆಲೆಯವರೆಗಿನ ಉಪಕರಣಗಳು ದೊರೆಯುತ್ತವೆ. ಬೆಲೆಯ ಈ ಅಂತರ ಏತಕ್ಕೆ, ತಮ್ಮ ಕೆಲಸಕ್ಕೆ ಯಾವುದು ತಕ್ಕದ್ದು ಎಂಬುದನ್ನು ತಿಳಿಯದೆ ಕೊಂಡ ಉಪಕರಣವು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಉಳಿದುಹೋಗುವುದೇ ಹೆಚ್ಚು. ಆದ್ದರಿಂದ ಖರೀದಿಗೆ ಮುನ್ನ ಕೆಲವು ಮೂಲಭೂತ ಸಂಗತಿಗಳನ್ನು ಪರಿಶೀಲಿಸುವುದು ಉಚಿತ.

ಸಂಕೇತ ಉಚಿತ, ಉಳಿದದ್ದಕ್ಕೆ ಬೆಲೆ

ಜಿಪಿಎಸ್ ಎಂಬುದು ಅಮೆರಿಕ ಸರ್ಕಾರದ ಉಪಗ್ರಹ ವ್ಯವಸ್ಥೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ನಿಖರವಾದ ಸಮಯವನ್ನು ಸಾರುತ್ತಿರುತ್ತವೆ. ಸಂಕೇತ ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ಅಂತರದಿಂದ ರಿಸೀವರ್ ತನ್ನ ದೂರವನ್ನು ಲೆಕ್ಕ ಹಾಕುತ್ತದೆ. ರೇಡಿಯೋ ಅಲೆಯು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಚಲಿಸುವುದರಿಂದ, ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಾದರೂ 300 ಮೀಟರ್ ವ್ಯತ್ಯಾಸವಾಗುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಹಾಗೂ ರಿಸೀವರಿನ ಗಡಿಯಾರದ ತಪ್ಪು ಎಂಬ ನಾಲ್ಕು ಅಜ್ಞಾತಗಳನ್ನು ಬಿಡಿಸಬೇಕಾದ್ದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು. 2000ದ ಮೇ ತಿಂಗಳವರೆಗೆ ಅಮೆರಿಕವು ನಾಗರಿಕ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿತ್ತು. ಆ ನಿರ್ಬಂಧ ತೆಗೆದ ನಂತರವೇ ಸಾಮಾನ್ಯ ರಿಸೀವರುಗಳು ರಸ್ತೆ ಸಂಚಾರಕ್ಕೆ ನಿಜವಾಗಿ ಉಪಯುಕ್ತವಾದವು.

ಈ ಸಂಕೇತಕ್ಕೆ ಯಾವ ಶುಲ್ಕವೂ ಇಲ್ಲ, ಮೊಬೈಲ್ ಜಾಲವೂ ಬೇಕಿಲ್ಲ. ಮೊಬೈಲ್ ಟವರ್ ಇಲ್ಲದ ಕಡೆ ಜಿಪಿಎಸ್ ನಿಲ್ಲುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಲ್ಲಿ ನಿಲ್ಲುವುದು ಅಂತರ್ಜಾಲದಿಂದ ಬರುತ್ತಿದ್ದ ನಕ್ಷೆ ಮಾತ್ರ. ನಕ್ಷೆಯನ್ನು ಮೊದಲೇ ಉಪಕರಣದಲ್ಲಿ ತುಂಬಿಟ್ಟಿದ್ದರೆ ಸಿಮ್ ಇಲ್ಲದ ಫೋನು ಕೂಡ ದಾರಿ ತೋರುತ್ತದೆ. ಹೀಗಾಗಿ ಕೊಳ್ಳುವವರು ಹಣ ತೆರುವುದು ಸ್ಥಾನ ತಿಳಿಯುವುದಕ್ಕಲ್ಲ. ನಕ್ಷೆ, ಪರದೆ, ಬ್ಯಾಟರಿ, ಗಟ್ಟಿ ಕವಚ ಮತ್ತು ಸ್ಥಾನವನ್ನು ಬೇರೆಡೆಗೆ ಕಳುಹಿಸುವ ಸೌಲಭ್ಯ, ಈ ಐದಕ್ಕೆ. ಇವುಗಳಲ್ಲಿ ತಮಗೆ ಯಾವುದು ಬೇಕು ಎಂದು ತಿಳಿದರೆ ಆಯ್ಕೆ ಅರ್ಧ ಮುಗಿದಂತೆ.

ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಮತ್ತು ಭಾರತದ ನಾವಿಕ್ ಇದೇ ಬಗೆಯ ವ್ಯವಸ್ಥೆಗಳು. ನಾವಿಕ್‌ಗೂ ಹಾಸನಕ್ಕೂ ನೇರ ಸಂಬಂಧವಿದೆ. 1982ರಿಂದ ಹಾಸನದಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವೇ, ಭೋಪಾಲದ ಕೇಂದ್ರದೊಡನೆ, ಈ ಉಪಗ್ರಹಗಳ ನಿಯಂತ್ರಣವನ್ನು ನೋಡಿಕೊಳ್ಳುತ್ತದೆ. ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಏಳನೆಯದು 2016ರ ಏಪ್ರಿಲ್ 28ರಂದು ಹಾರಿದಾಗ ವ್ಯವಸ್ಥೆಗೆ ನಾವಿಕ್ ಎಂಬ ಹೆಸರು ಬಂದಿತು. ಆದರೆ ಅನಂತರ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಸೇವೆಗೆ ಸೇರಿತಾದರೂ, 2025ರ ಜನವರಿ 29ರಂದು ಹಾರಿದ ಎನ್‌ವಿಎಸ್-02 ತನ್ನ ನಿಗದಿತ ಕಕ್ಷೆಯನ್ನು ತಲುಪಲಿಲ್ಲ. ಆದ್ದರಿಂದ ನಾವಿಕ್ ಇರುವ ಉಪಕರಣ ಅಪೇಕ್ಷಣೀಯವಾದರೂ ನಾವಿಕ್ ಒಂದನ್ನೇ ನಂಬುವ ಉಪಕರಣ ಸಲ್ಲದು. ಮೂರು ನಾಲ್ಕು ವ್ಯವಸ್ಥೆಗಳನ್ನು ಒಟ್ಟಿಗೆ ಬಳಸುವುದನ್ನೇ ಕೊಳ್ಳತಕ್ಕದ್ದು.

ನಿಖರತೆಯ ಮಿತಿ

ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನು ಸುಮಾರು 5 ಮೀಟರ್ ಒಳಗೆ ಸ್ಥಾನ ತೋರಿಸುತ್ತದೆ. ರಸ್ತೆಯಲ್ಲಿ ಸಾಗಲು ಇಷ್ಟು ಸಾಕು. ದಟ್ಟ ಮರಗಳ ಕೆಳಗೆ, ಕಡಿದಾದ ಗುಡ್ಡದ ಪಕ್ಕದಲ್ಲಿ, ತಗಡಿನ ಮೇಲ್ಛಾವಣಿಯ ವಾಹನದೊಳಗೆ ಈ ನಿಖರತೆ ಕುಗ್ಗುತ್ತದೆ. ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳಲ್ಲಿ ಮತ್ತು ಘಟ್ಟದ ತಿರುವುಗಳಲ್ಲಿ ಇದರ ಅನುಭವವಾಗುತ್ತದೆ. ಎಲ್1 ಮತ್ತು ಎಲ್5 ಎಂಬ ಎರಡು ತರಂಗಾಂತರಗಳನ್ನು ಗ್ರಹಿಸುವ ರಿಸೀವರುಗಳು ಗುಡ್ಡ, ಮರಗಳಿಂದ ಪ್ರತಿಫಲಿಸಿ ಬಂದ ಸಂಕೇತವನ್ನು ಹೆಚ್ಚು ಚೆನ್ನಾಗಿ ಬೇರ್ಪಡಿಸುತ್ತವೆ. ಬಯಲಿನಲ್ಲೇ ಓಡಾಡುವವರಿಗೆ ಇದಕ್ಕಾಗಿ ಹೆಚ್ಚು ಬೆಲೆ ತೆರುವ ಅಗತ್ಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬೆಳೆಯನ್ನು ಹೊಲದಲ್ಲೇ ಗುತ್ತಿಗೆ ಹಿಡಿಯುವವರು, ಶುಂಠಿಗೆ ಜಮೀನು ಪಡೆಯುವವರು ಕೈಯಲ್ಲಿ ರಿಸೀವರ್ ಹಿಡಿದು ಸುತ್ತಲೂ ನಡೆದು ವಿಸ್ತೀರ್ಣ ಅಳೆಯುವುದುಂಟು. ಒಂದು ಎಕರೆಯ ಚೌಕದ ಬದಿ ಸುಮಾರು 64 ಮೀಟರ್. ಪ್ರತಿ ಬದಿಯಲ್ಲಿ 3 ಮೀಟರ್ ಹೆಚ್ಚು ತೋರಿದರೂ ವಿಸ್ತೀರ್ಣ ಶೇ. 10ರಷ್ಟು, ಅಂದರೆ ನಾಲ್ಕು ಗುಂಟೆ ಹೆಚ್ಚಾಗುತ್ತದೆ. ಹತ್ತು ಎಕರೆಯ ಒಂದೇ ಚೌಕದಲ್ಲಿ ಅದೇ ತಪ್ಪು ಶೇ. 3ರಷ್ಟು ಮಾತ್ರ. ದೊಡ್ಡ ತಾಕಿನ ಅಂದಾಜಿಗೆ ಇದು ಸಾಕು. ಸಣ್ಣ ತಾಕಿನ ಹಣದ ಲೆಕ್ಕಕ್ಕಾಗಲಿ, ಎಲ್ಲೆಯ ವಿವಾದಕ್ಕಾಗಲಿ ಪರವಾನಗಿ ಪಡೆದ ಭೂಮಾಪಕರ ಅಳತೆಯೇ ಆಧಾರ.

ನಾಲ್ಕು ಬಗೆಯ ಉಪಕರಣಗಳು

1. ಮೊಬೈಲ್ ಫೋನು. ಕೈಯಲ್ಲಿ ಇದ್ದೇ ಇರುವುದರಿಂದ ಹೊಸ ವೆಚ್ಚವಿಲ್ಲ. ಗೂಗಲ್ ನಕ್ಷೆಯ ಬೇಕಾದ ಪ್ರದೇಶವನ್ನು ಇಳಿಸಿಟ್ಟುಕೊಳ್ಳಬಹುದು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ಬಳಸುವ ಉಚಿತ ತಂತ್ರಾಂಶಗಳೂ ಇವೆ. ಇವುಗಳಲ್ಲಿ ಕಾಲುದಾರಿ, ಬಂಡಿದಾರಿಗಳೂ ಅನೇಕ ಕಡೆ ಗುರುತಾಗಿವೆ. ಬಿಸಿಲಿನಲ್ಲಿ ಗಾಜಿನ ಹಿಂದೆ ಇಟ್ಟ ಫೋನು ಕಾಯ್ದು ತಾನಾಗಿ ನಿಲ್ಲುವುದು, ಬ್ಯಾಟರಿ ಬೇಗ ಮುಗಿಯುವುದು, ಮಳೆಯಲ್ಲಿ ಸ್ಪರ್ಶಪರದೆ ಮಾತು ಕೇಳದಿರುವುದು ಇದರ ದೋಷಗಳು.

2. ವಾಹನದಲ್ಲಿ ಕೂರಿಸುವ ಪರದೆಯ ಉಪಕರಣ. ದೊಡ್ಡ ಪರದೆ, ಧ್ವನಿಯ ಮಾರ್ಗದರ್ಶನ ಇದರ ಅನುಕೂಲಗಳು. ಹೆದ್ದಾರಿಗೆ ಉತ್ತಮ. ವಾಹನದಿಂದ ಬಿಡಿಸಿ ತೋಟದೊಳಗೆ ಕೊಂಡೊಯ್ಯಲು ಸಾಮಾನ್ಯವಾಗಿ ಒಗ್ಗುವುದಿಲ್ಲ.

3. ಕೈಯಲ್ಲಿ ಹಿಡಿಯುವ ಗಟ್ಟಿ ರಿಸೀವರ್. ಗಾರ್ಮಿನ್ ಕಂಪನಿಯ ಇಟ್ರೆಕ್ಸ್, ಜಿಪಿಎಸ್‌ಮ್ಯಾಪ್, ಮೊಂಟಾನಾ ಶ್ರೇಣಿಗಳು ಪರಿಚಿತ. ಇಟ್ರೆಕ್ಸ್ 22ಎಕ್ಸ್ ಎರಡು ಎಎ ಶೆಲ್ಲುಗಳಲ್ಲಿ ಸುಮಾರು 25 ಗಂಟೆ ನಡೆಯುತ್ತದೆಂದು ತಯಾರಕರು ಹೇಳುತ್ತಾರೆ. ಜಿಪಿಎಸ್‌ಮ್ಯಾಪ್ 67 ಎರಡು ತರಂಗಾಂತರಗಳನ್ನು ಗ್ರಹಿಸುತ್ತದೆ. ಮೊಂಟಾನಾ 700ರ ಐದು ಅಂಗುಲದ ಪರದೆ ವಾಹನದಲ್ಲೂ ಕೈಯಲ್ಲೂ ಉಪಯೋಗಕ್ಕೆ ಬರುತ್ತದೆ. ರಸ್ತೆಗೂ ರಸ್ತೆಯಾಚೆಗೂ ಒಂದೇ ಉಪಕರಣ ಎಂಬ ಮಾತಿಗೆ ಹತ್ತಿರವಾದುದು ಈ ಮೂರನೆಯ ಬಗೆ.

4. ವಾಹನದ ಜಾಡು ಹಿಡಿಯುವ ಟ್ರ್ಯಾಕರ್. ಇದಕ್ಕೆ ಪರದೆಯಿಲ್ಲ. ಚಾಲಕನಿಗೆ ದಾರಿ ತೋರಿಸುವುದಿಲ್ಲ. ಸಿಮ್ ಮೂಲಕ ಮಾಲೀಕರಿಗೆ ವಾಹನವಿರುವ ಜಾಗ ತಿಳಿಸುತ್ತದೆ. ದಾರಿ ತಿಳಿಯಲೆಂದು ಇದನ್ನು ಕೊಂಡವರೂ, ವಾಹನದ ಮೇಲೆ ಕಣ್ಣಿಡಲೆಂದು ಮೂರನೆಯ ಬಗೆಯನ್ನು ಕೊಂಡವರೂ ಸಮಾನವಾಗಿ ನಿರಾಶರಾಗುತ್ತಾರೆ.

ದಾರಿಗೆ ತಕ್ಕ ಆಯ್ಕೆ

ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಹಿರೀಸಾವೆಗಳ ನಡುವೆ ಓಡಾಡುವವರಿಗೆ ಹೆದ್ದಾರಿಯೂ ತೆರೆದ ಬಯಲೂ ಹೆಚ್ಚು. ನಕ್ಷೆ ತುಂಬಿದ ಫೋನು, ಒಂದು ಭದ್ರವಾದ ಹಿಡಿಕೆ ಮತ್ತು ವಾಹನದ ಚಾರ್ಜರ್ ಇದ್ದರೆ ಸಾಕು. ಹೊಳೆನರಸೀಪುರದ ಕಡೆ ನಾಲೆ ಮತ್ತು ಹೊಳೆಗಳ ಕಾರಣ ಒಂದು ದಾರಿ ತಪ್ಪಿದರೆ ಮುಂದಿನ ಸೇತುವೆಯವರೆಗೆ ಸುತ್ತಬೇಕಾಗುತ್ತದೆ. ಇಲ್ಲಿ ನಾಲೆಯ ಏರಿಗಳನ್ನೂ ಸೇತುವೆಗಳನ್ನೂ ತೋರಿಸುವ ವಿವರವಾದ ನಕ್ಷೆ ಮುಖ್ಯವೇ ಹೊರತು ದುಬಾರಿ ರಿಸೀವರ್ ಅಲ್ಲ. ಅರಕಲಗೂಡಿನ ಪಶ್ಚಿಮ ಅಂಚಿನಿಂದ ಸೋಮವಾರಪೇಟೆ, ಸಕಲೇಶಪುರಗಳ ಕಡೆ ತೋಟಗಳಿಗೆ ಹೋಗುವವರಿಗೆ ಮಳೆ, ಮರಗಳ ನೆರಳು, ಟವರ್ ಸಿಗದ ತಾಣಗಳು ಮೂರೂ ಎದುರಾಗುತ್ತವೆ. ಅಂತಹವರಿಗೆ ಗಟ್ಟಿ ಕವಚದ, ಗುಂಡಿಗಳಿರುವ ರಿಸೀವರಿಗೆ ಹಣ ಹಾಕುವುದು ಸಮರ್ಥನೀಯ.

ಯಾವ ಉಪಕರಣವಾದರೂ ಒಳಗೆ ತುಂಬಿದ ನಕ್ಷೆಗೆ ಇಂದಿನ ಸ್ಥಿತಿ ತಿಳಿಯದು. ಶಿರಾಡಿ ಘಟ್ಟವು 2018ರಲ್ಲಿ ಮೊದಲು ಕಾಂಕ್ರೀಟ್ ಕಾಮಗಾರಿಗಾಗಿ, ಆಗಸ್ಟಿನಲ್ಲಿ ಭೂಕುಸಿತದಿಂದಾಗಿ ಮುಚ್ಚಿತ್ತು. 2024ರ ಜುಲೈನಲ್ಲಿಯೂ ದೋಣಿಗಾಲ್ ಬಳಿ ಮಣ್ಣು ಕುಸಿಯಿತು. ಮಳೆಗಾಲದಲ್ಲಿ ಘಟ್ಟ ಇಳಿಯುವ ಸರಕು ವಾಹನದವರು ಜಿಲ್ಲಾಡಳಿತದ ಪ್ರಕಟಣೆಯನ್ನು ನೋಡಿಯೇ ಹೊರಡತಕ್ಕದ್ದು. ಹಾಸನದಿಂದ ಮಂಗಳೂರಿಗೆ ಶಿರಾಡಿಯ ಮೂಲಕ ಸುಮಾರು 170 ಕಿ.ಮೀ. ಮಡಿಕೇರಿ, ಸಂಪಾಜೆಯ ಮೂಲಕ ಸುತ್ತಿದರೆ 200 ಕಿ.ಮೀ. ಮೀರುತ್ತದೆ. 2021ರ ಜನವರಿ 1ರಿಂದ ಇ-ವೇ ಬಿಲ್ಲಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿಯಿರುವುದರಿಂದ ದಾರಿ ಬದಲಾದರೆ ಅವಧಿಯ ಕಡೆ ಗಮನವಿರಬೇಕು. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯ ನಂತರದವರೆಗೆ ವಿಸ್ತರಣೆ ಪಡೆಯಲು ಅವಕಾಶವಿದೆ. ಉಪಕರಣದಲ್ಲಿ ಉಳಿದ ಪಥದ ದಾಖಲೆಯು ವಿಳಂಬದ ಕಾರಣವನ್ನು ವಿವರಿಸಲು ಪೂರಕವಾದೀತು. ಅದು ವಿಸ್ತರಣೆಗೆ ಬದಲಿಯಾಗಲಾರದು.

ನಕ್ಷೆಯಲ್ಲಿ ದಾರಿ ಕಂಡ ಮಾತ್ರಕ್ಕೆ ಅಲ್ಲಿ ಹೋಗುವ ಹಕ್ಕು ಬಂದಂತಲ್ಲ. ಅನೇಕ ದಾರಿಗಳು ಖಾಸಗಿ ತೋಟದವು, ಕೆಲವು ಅರಣ್ಯ ಇಲಾಖೆಯವು. ಆಲೂರು, ಸಕಲೇಶಪುರ, ಅರಕಲಗೂಡುಗಳ ಕಡೆ ಕಾಡಾನೆಗಳ ಓಡಾಟವಿರುವ ಭಾಗದಲ್ಲಿ ರಾತ್ರಿಯ ವೇಳೆ ಉಪಕರಣ ತೋರಿಸುವ ಹತ್ತಿರದ ದಾರಿಗಿಂತ ಜನರು ಬಳಸುವ ದೂರದ ದಾರಿಯೇ ಕ್ಷೇಮ.

ಅಂಗಡಿಯಲ್ಲಿ ಪರಿಶೀಲಿಸತಕ್ಕ ಅಂಶಗಳು

ಮೊದಲನೆಯದು ನಕ್ಷೆ. ಪೆಟ್ಟಿಗೆಯ ಮೇಲಿನ ಮಾತನ್ನು ನಂಬದೆ ತಮಗೆ ಗೊತ್ತಿರುವ ಒಂದು ಹಳ್ಳಿಯನ್ನು ಪರದೆಯಲ್ಲಿ ಹುಡುಕಬೇಕು. ಕೊಣನೂರಿನ ಸಮೀಪದ ಒಂದು ಅಡ್ಡದಾರಿ, ಗೊರೂರಿನ ಬಳಿಯ ಒಂದು ಸೇತುವೆ ಕಂಡರೆ ಮುಂದಿನ ಮಾತು. ನಕ್ಷೆ ಕೇವಲ ಚಿತ್ರವೋ, ತಿರುವು ತಿರುವಿಗೂ ದಾರಿ ಹೇಳುವಂಥದ್ದೋ ಎಂದು ವಿಚಾರಿಸಬೇಕು. ಕೆಲವು ಅಗ್ಗದ ಮಾದರಿಗಳಲ್ಲಿ ನಕ್ಷೆಯೇ ಇರುವುದಿಲ್ಲ. ನೇರ ದಿಕ್ಕು ಮತ್ತು ದೂರ ಮಾತ್ರ ತೋರಿಸುತ್ತವೆ. ನಕ್ಷೆಯ ಪರಿಷ್ಕರಣೆ ಉಚಿತವೋ, ವರ್ಷಕ್ಕೆ ಶುಲ್ಕವೋ ಎಂಬುದನ್ನೂ ಬರವಣಿಗೆಯಲ್ಲಿ ಪಡೆಯಬೇಕು.

ಎರಡನೆಯದು ವಿದ್ಯುತ್ತು. ಕಾರು, ಜೀಪುಗಳಲ್ಲಿ 12 ವೋಲ್ಟ್, ದೊಡ್ಡ ಲಾರಿಗಳಲ್ಲಿ 24 ವೋಲ್ಟ್. ಎರಡಕ್ಕೂ ಹೊಂದುವ ಅಡಾಪ್ಟರ್ ಇಲ್ಲದಿದ್ದರೆ ಉಪಕರಣ ಸುಟ್ಟೀತು. ಎಎ ಶೆಲ್ ಹಳ್ಳಿಯ ಅಂಗಡಿಯಲ್ಲೂ ದೊರೆಯುತ್ತದೆ ಎಂಬುದು ಸಣ್ಣ ಅನುಕೂಲವಲ್ಲ.

ಮೂರನೆಯದು ಕವಚ ಮತ್ತು ಪರದೆ. ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಹಾಳಾಗದು ಎಂದರ್ಥ. ಪರದೆಯನ್ನು ಅಂಗಡಿಯೊಳಗಲ್ಲದೆ ಹೊರಗಿನ ಬಿಸಿಲಿನಲ್ಲಿ ನೋಡಬೇಕು. ಬೆರಳನ್ನು ಒದ್ದೆ ಮಾಡಿ ಮುಟ್ಟಿ ನೋಡಬೇಕು.

ನಾಲ್ಕನೆಯದು ಅಕ್ಷಾಂಶ ರೇಖಾಂಶಗಳನ್ನು ಬರೆಯುವ ಕ್ರಮ. ಇದರಲ್ಲಿ ಆಗುವ ತಪ್ಪೇ ಹೆಚ್ಚು ದುಬಾರಿ. ಅರಕಲಗೂಡು ಪಟ್ಟಣ ಸುಮಾರು 12 ಡಿಗ್ರಿ 46 ನಿಮಿಷ ಉತ್ತರ, 76 ಡಿಗ್ರಿ 3 ನಿಮಿಷ ಪೂರ್ವದಲ್ಲಿದೆ. ದಶಮಾಂಶದಲ್ಲಿ ಇದು 12.77 ಮತ್ತು 76.05. ಒಬ್ಬರು ನಿಮಿಷದಲ್ಲಿ ಹೇಳಿದ್ದನ್ನು ಇನ್ನೊಬ್ಬರು 12.46, 76.03 ಎಂದು ದಶಮಾಂಶವಾಗಿ ಒತ್ತಿದರೆ ವಾಹನವು ಸುಮಾರು 34 ಕಿ.ಮೀ. ದಕ್ಷಿಣಕ್ಕೆ, ಕುಶಾಲನಗರ–ಬೈಲಕುಪ್ಪೆಗಳ ಕಡೆಗೆ ಹೋಗುತ್ತದೆ. ಸಂಸ್ಥೆಯ ಎಲ್ಲ ಫೋನು, ರಿಸೀವರುಗಳನ್ನೂ ಒಂದೇ ಕ್ರಮಕ್ಕೆ, ಮೇಲಾಗಿ ದಶಮಾಂಶಕ್ಕೆ, ಹೊಂದಿಸಿಡುವುದು ಲೇಸು.

ಐದನೆಯದು ದಾಖಲೆ. ರೈತರ ಕಣ, ಗೋದಾಮು, ತೋಟದ ಗೇಟುಗಳನ್ನು ಬಿಂದುಗಳಾಗಿ ಗುರುತಿಸಿ, ಜಿಪಿಎಕ್ಸ್ ಎಂಬ ಸಾಮಾನ್ಯ ಕಡತದಲ್ಲಿ ಗಣಕಯಂತ್ರಕ್ಕೆ ತೆಗೆದಿಡುವ ಸೌಲಭ್ಯವಿರಬೇಕು. ಹಳೆಯ ಚಾಲಕ ಕೆಲಸ ಬಿಟ್ಟಾಗ ಅವನೊಡನೆ ದಾರಿಯ ತಿಳಿವಳಿಕೆಯೂ ಹೋಗುವುದು ವ್ಯಾಪಾರದ ದೊಡ್ಡ ನಷ್ಟ. ಈ ಕಡತವು ಆ ತಿಳಿವಳಿಕೆಯನ್ನು ಸಂಸ್ಥೆಯ ಆಸ್ತಿಯನ್ನಾಗಿ ಮಾಡುತ್ತದೆ.

ಕಾನೂನಿನ ಮಿತಿಗಳು

ಸಂಕೇತವನ್ನು ಸ್ವೀಕರಿಸುವ ರಿಸೀವರಿಗೆ ಪರವಾನಗಿ ಬೇಕಿಲ್ಲ. ಆದರೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. ಗಾರ್ಮಿನ್‌ನ ಇನ್‌ರೀಚ್ ಇಂಥದ್ದು. ಜಿಪಿಎಸ್‌ಮ್ಯಾಪ್ 67ಐ, ಮೊಂಟಾನಾ 700ಐ ಎಂಬ ಹೆಸರುಗಳ ಕೊನೆಯ ಐ ಅಕ್ಷರ ಈ ಸೌಲಭ್ಯವನ್ನೇ ಸೂಚಿಸುತ್ತದೆ. ಇಂತಹ ಉಪಕರಣ ತಂದ ಪ್ರವಾಸಿಗರು ವಿಮಾನ ನಿಲ್ದಾಣಗಳಲ್ಲಿ ಪೊಲೀಸರ ವಶವಾದ ಪ್ರಸಂಗಗಳಿವೆ. ವಿದೇಶದಲ್ಲಿರುವ ಬಂಧುಗಳಿಂದ ತರಿಸುವವರು ಈ ಒಂದು ಅಕ್ಷರವನ್ನು ಗಮನಿಸತಕ್ಕದ್ದು.

ವಾಹನ ಚಲಾಯಿಸುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ಗಮನ ಭಂಗವಾಗದಂತೆ ದಾರಿ ನೋಡಲು ಮಾತ್ರ ಬಳಸಬಹುದೆಂದು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮ ಹೇಳುತ್ತದೆ. ಆದ್ದರಿಂದ ಹಿಡಿಕೆ ಅಲಂಕಾರವಲ್ಲ, ಅವಶ್ಯಕತೆ. ಪ್ರಯಾಣಿಕರ ಸಾರ್ವಜನಿಕ ಸೇವಾ ವಾಹನಗಳಿಗೆ ಎಐಎಸ್-140 ಮಾನದಂಡದ ಸ್ಥಾನಸೂಚಕ ಮತ್ತು ತುರ್ತು ಗುಂಡಿ ಬೇಕೆಂಬ ನಿಯಮ 2019ರ ಜನವರಿ 1ರಿಂದ ಹೊಸ ವಾಹನಗಳಿಗೆ ಅನ್ವಯಿಸಿದೆ. ಸಾಮಾನ್ಯ ಜಿಪಿಎಸ್ ರಿಸೀವರ್ ಈ ನಿಯಮವನ್ನು ಪೂರೈಸುವುದಿಲ್ಲ. ಪರವಾನಗಿಯ ವಾಹನ ಉಳ್ಳವರು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ಉಪಗ್ರಹ ಆಧಾರಿತ ಟೋಲ್ ಸಂಗ್ರಹಕ್ಕೆ 2024ರ ಸೆಪ್ಟೆಂಬರಿನಲ್ಲಿ ನಿಯಮ ರೂಪುಗೊಂಡಿತಾದರೂ ಅದಕ್ಕೆ ಬೇಕಾದುದು ಪ್ರತ್ಯೇಕ ಉಪಕರಣ. ಟೋಲಿಗೂ ಇದೇ ಸಾಕು ಎಂಬ ಮಾರಾಟಗಾರರ ಮಾತಿಗೆ ಕಿವಿಗೊಡಬೇಕಿಲ್ಲ.

ಖರ್ಚಿನ ಲೆಕ್ಕ

ಒಂದು ಕಲ್ಪಿತ ಉದಾಹರಣೆಯಿಂದ ಲೆಕ್ಕದ ಕ್ರಮ ಸ್ಪಷ್ಟವಾಗುತ್ತದೆ. ರಿಸೀವರಿನ ಬೆಲೆ ರೂ. 30,000, ಬಾಳಿಕೆ ಐದು ವರ್ಷ, ಶೆಲ್ಲು ಮತ್ತು ಇತರ ವೆಚ್ಚ ವರ್ಷಕ್ಕೆ ರೂ. 2,000 ಎಂದಿಟ್ಟುಕೊಂಡರೆ ವಾರ್ಷಿಕ ವೆಚ್ಚ ರೂ. 8,000. ವರ್ಷಕ್ಕೆ 40 ದಿನ ರಸ್ತೆಯಾಚೆಗೆ ಹೋಗುವವರಿಗೆ ದಿನವೊಂದಕ್ಕೆ ರೂ. 200 ಬೀಳುತ್ತದೆ. 8 ದಿನ ಮಾತ್ರ ಹೋಗುವವರಿಗೆ ರೂ. 1,000. ಲೀಟರಿಗೆ 8 ಕಿ.ಮೀ. ಓಡುವ ವಾಹನ ದಾರಿ ತಪ್ಪಿ 20 ಕಿ.ಮೀ. ಸುತ್ತಿದರೆ ಎರಡೂವರೆ ಲೀಟರ್ ಡೀಸೆಲ್ ವ್ಯರ್ಥ. ಲೀಟರಿಗೆ ರೂ. 90ರಂತೆ ರೂ. 225. ಮೊದಲನೆಯವರಿಗೆ ದಿನಕ್ಕೊಂದು ಇಂತಹ ಸುತ್ತು ತಪ್ಪಿದರೆ ಉಪಕರಣದ ವೆಚ್ಚ ಹುಟ್ಟುತ್ತದೆ. ಎರಡನೆಯವರಿಗೆ ಹುಟ್ಟುವುದಿಲ್ಲ. ಅವರು ಫೋನಿನ ನಕ್ಷೆಯನ್ನೇ ಬಳಸಿ, ಊರಿನವರನ್ನು ಕೇಳಿ ಹೋಗುವುದು ಲಾಭದಾಯಕ.

ವ್ಯವಹಾರಕ್ಕೆಂದು ಕೊಂಡ ಉಪಕರಣದ ಮೇಲೆ ತೆತ್ತ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ಪಡೆಯಬಹುದು. ಇದಕ್ಕೆ ಬಿಲ್ಲು ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯಲ್ಲಿರಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೆ ಈ ಸೌಲಭ್ಯವಿಲ್ಲ. ತೆರಿಗೆಯ ಭಾಗವನ್ನು ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿ ಪಡೆದರೆ ಅದೇ ತೆರಿಗೆಯನ್ನು ಮತ್ತೆ ಹೂಡುವಳಿಯಾಗಿ ಪಡೆಯುವಂತಿಲ್ಲ. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ಸವಕಳಿಯ ದರ ಶೇ. 15. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಒಬ್ಬ ಮಾರಾಟಗಾರರಿಗೆ ಒಂದೇ ದಿನ ರೂ. 10,000 ಮೀರಿ ನಗದು ಕೊಟ್ಟರೆ ಆ ಮೊತ್ತ ಸವಕಳಿಗೆ ಲೆಕ್ಕವಾಗುವುದಿಲ್ಲ. ಬ್ಯಾಂಕಿನ ಮೂಲಕವೇ ಪಾವತಿಸತಕ್ಕದ್ದು. ಬಿಲ್ಲಿಲ್ಲದೆ ಅಗ್ಗವಾಗಿ ದೊರೆತ ಉಪಕರಣಕ್ಕೆ ಹೂಡುವಳಿ ತೆರಿಗೆಯೂ ಇಲ್ಲ, ಖಾತರಿಯೂ ಇಲ್ಲ. ಕೂಡಿ ಕಳೆದರೆ ಅದು ಅಗ್ಗವಲ್ಲ.

ಕೊನೆಯ ಪರೀಕ್ಷೆ

ಖರೀದಿಯ ನಿರ್ಧಾರಕ್ಕೆ ಮುನ್ನ ಒಂದು ತಿಂಗಳು ಫೋನಿನಲ್ಲಿ ನಕ್ಷೆ ತುಂಬಿಕೊಂಡು ಎಂದಿನ ದಾರಿಗಳಲ್ಲೇ ಸಾಗಿ, ಎಲ್ಲಿ ನಕ್ಷೆ ಸಾಲದಾಯಿತು, ಎಲ್ಲಿ ಬ್ಯಾಟರಿ ಮುಗಿಯಿತು, ಎಲ್ಲಿ ಸ್ಥಾನ ತಪ್ಪಾಯಿತು ಎಂಬುದನ್ನು ಚಾಲಕನಿಂದ ಒಂದು ಪುಸ್ತಕದಲ್ಲಿ ಬರೆಸಬೇಕು. ನಕ್ಷೆಯೇ ದೋಷವಾದರೆ ಬೇರೆ ನಕ್ಷೆ ಸಾಕು. ಬ್ಯಾಟರಿ, ಮಳೆ, ಬಿಸಿಲು ದೋಷವಾದರೆ ಗಟ್ಟಿ ರಿಸೀವರ್ ಬೇಕು. ಮರಗಳ ಕೆಳಗೆ ಸ್ಥಾನವೇ ಜಾರುತ್ತಿದ್ದರೆ ಮಾತ್ರ ಎರಡು ತರಂಗಾಂತರದ್ದು ಬೇಕು. ಹೊಸ ಉಪಕರಣ ಕೊಂಡ ಮೇಲೆ ಮೊದಲ ದಿನ ಅದನ್ನು ತೆರೆದ ಜಾಗದಲ್ಲಿ ಕಾಲು ಗಂಟೆ ಹಾಗೆಯೇ ಇಡಬೇಕು. ಉಪಗ್ರಹಗಳ ಪೂರ್ಣ ಪಟ್ಟಿಯನ್ನು ಆಕಾಶದಿಂದ ಪಡೆಯಲು ರಿಸೀವರಿಗೆ ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಇದನ್ನರಿಯದೆ ಕೆಟ್ಟಿದೆಯೆಂದು ಮರಳಿಸುವವರುಂಟು.

ತಿಂಗಳ ಕೊನೆಗೆ ಆ ಪುಸ್ತಕದಲ್ಲಿ ಮೂರು ನಾಲ್ಕು ಸಾಲಿಗಿಂತ ಹೆಚ್ಚು ದೂರುಗಳು ಇಲ್ಲದಿದ್ದರೆ ಹೊಸ ರಿಸೀವರ್ ಕೊಳ್ಳುವ ಅಗತ್ಯವೇ ಇಲ್ಲವೆಂದು ತಿಳಿಯಬಹುದು. ಪುಟ ತುಂಬಿದ್ದರೆ ಯಾವುದನ್ನು ಕೊಳ್ಳಬೇಕೆಂಬುದಕ್ಕೆ ಆ ಪುಟವೇ ಉತ್ತರ ಹೇಳುತ್ತದೆ.